ಒಂದು ಅಂಕ ಕಡಿಮೆ

ಗುರ್ಜಾನಿಯಿಂದ ಬೆಳಗಿನ ಮಿನಿಬಸ್ಸಿಗೆ ತ್ಬಿಲಿಸಿಗೆ ಬಂದವಳು
ಚೀಲದಿಂದ ಮೊದಲು ತೆಗೆದದ್ದು ನೀರಿನ ಬಾಟಲಿ,
ಆಮೇಲೆ ಕಾಗದಪತ್ರ.
ಲಮಾರಾ, ಐವತ್ತೆಂಟು. ಕಸುಬು: ದ್ರಾಕ್ಷಾರಸದ ರುಚಿ ನೋಡುವುದು.
"ನೋಡುತ್ತಿದ್ದೆ" ಎಂದು ತಿದ್ದಿದಳು.

ಮಣ್ಣಲ್ಲಿ ಕೊರಳಮಟ್ಟ ಹೂತ ಗುಡಾಣಗಳ ಬಾಯಿ ತೆಗೆದು
ಸೋರೆಬುರುಡೆಯ ಸೌಟಲ್ಲಿ ಒಂದು ಗುಟುಕು.
ಯಾವ ಇಳಿಜಾರಿನ ಹಣ್ಣು, ಯಾವ ವಾರ ಕೊಯ್ದದ್ದು,
ಗುಡಾಣ ತೊಳೆದವನು ಎಷ್ಟು ಸೋಮಾರಿ,
ಎಲ್ಲ ಹೇಳುತ್ತಿದ್ದಳಂತೆ.
ಈಗ ನಾಲಗೆ ಅಂಗುಳಿಗೆ ಅಂಟಿ ಕೂರುತ್ತದೆ,
ಎತ್ತಿದರೆ ಹಳೇ ಲಕೋಟೆ ಬಿಚ್ಚಿದ ಸದ್ದು.
ರೊಟ್ಟಿಯ ತುಂಡುತುಂಡಿಗೂ ನೀರಿನ ಸಾಕ್ಷಿ ಬೇಕು.
ರಾತ್ರಿ ಎರಡಕ್ಕೆ ಎಚ್ಚರಾದರೆ ರೆಪ್ಪೆಯೊಳಗೆ ಮರಳು.

ಬೆರಳಿಗಿಂತ ಸಣ್ಣದೊಂದು ಕಾಗದದ ಪಟ್ಟಿ,
ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿದೆ.
ಕಣ್ಣು ಮುಚ್ಚಿ. ಐದು ನಿಮಿಷ.
ಅಳುವನ್ನು ಅಳೆಯುವ ಪಟ್ಟಿ ಇದು:
ಐದು ಮಿಲಿಮೀಟರ್ ದಾಟಿ ಒದ್ದೆಯಾದರೆ ಸೊನ್ನೆ,
ಅಷ್ಟರೊಳಗೆ ನಿಂತರೆ ಒಂದು ಅಂಕ.

ಎರಡನೇ ನಿಮಿಷಕ್ಕೆ, ಮುಚ್ಚಿದ ಕಣ್ಣಲ್ಲೇ, ಮಾತು:
"ಅಣ್ಣ ಜುಂಬೇರ್ ಹೋದಾಗ ನಾನು ಅಳಲಿಲ್ಲ.
ಹೆಣದ ಸುತ್ತ ಕೂತವರೆಲ್ಲ ನನ್ನನ್ನೇ ನೋಡಿದರು.
ಅತ್ತಿಗೆ ಇವತ್ತಿಗೂ ನನ್ನ ಮನೆ ಮೆಟ್ಟಿಲು ತುಳಿದಿಲ್ಲ.
ಒಳಗೆ ಎಲ್ಲ ಇತ್ತು, ಡಾಕ್ಟರೇ.
ಹೊರಗೆ ಬರೋಕೆ ದಾರಿ ಇರಲಿಲ್ಲ."
ನಾನು ಗಡಿಯಾರ ನೋಡುತ್ತಿದ್ದೆ. ನೋಡಲೇಬೇಕಿತ್ತು.
ಮೂರು ಮಿಲಿಮೀಟರ್.
ಒಂದು.

"ಈ ಲೋಟಕ್ಕೆ ಉಗುಳಿ, ಹದಿನೈದು ನಿಮಿಷ."
"ನಿಂಬೆಹಣ್ಣು ನೆನೆಸಿಕೊಳ್ಳಲೇ?"
"ಬೇಡ, ಏನನ್ನೂ ನೆನೆಯಬೇಡಿ."
ತಳ ತೋಯಿತು, ಅಷ್ಟೇ. ನಾಚಿ ಅಂಗೈಯಿಂದ ಲೋಟ ಮುಚ್ಚಿದಳು.
ಎರಡು.
ಹಸಿರು ಬಣ್ಣದ ಹನಿ ಬಿಟ್ಟರೆ ಕಣ್ಣ ಬಿಳುಪಿನ ತುಂಬ ಚುಕ್ಕಿ.
ಮೂರು.

ರಕ್ತದಲ್ಲಿ ಹುಡುಕಿದ್ದು ಸಿಗಲಿಲ್ಲ;
ಸಿಕ್ಕಿದ್ದರೆ ಒಟ್ಟಿಗೇ ಮೂರು ಬರುತ್ತಿತ್ತು.
ಕೆಳತುಟಿಯ ಒಳಗಿಂದ ಅಕ್ಕಿಕಾಳಿನಷ್ಟು ಗ್ರಂಥಿ ತೆಗೆದು
ಒತಾರನಿಗೆ ಕಳಿಸಿದೆ. ಅವನು ಗಾಜಿನಡಿ ಎಣಿಸುತ್ತಾನೆ:
ಬಾವಿ ಕಾಯಬೇಕಾದವರೇ ಬಾವಿಗೆ ಮಣ್ಣು ಹಾಕಲು ನೆರೆದದ್ದು ಎಷ್ಟು ಕಡೆ?
ಐವತ್ತು ಜನ ಸೇರಿದರೆ ಗುಂಪು. ನಲವತ್ತಾರು ಸೇರಿದರೆ
ಬಸ್ಸಿಗೆ ಕಾದು ನಿಂತವರು.
"ಐದು ಚದರ ಮಿಲಿಮೀಟರಿನಲ್ಲಿ ಒಂದೇ ಗುಂಪು," ಫೋನಿನಲ್ಲಿ ಒತಾರ್,
"ನಾಲ್ಕಕ್ಕೆ ಲೆಕ್ಕ ಹಾಕು."
ಸೊನ್ನೆ ಬಿಂದು ಎಂಟು. ಒಂದಾಗಬೇಕಿತ್ತು.
ಪಕ್ಕದಲ್ಲೇ ಆ ನಲವತ್ತಾರು ಜನ ಇದ್ದರಂತೆ.

ನಾಲ್ಕು ಬಂದರೆ ಹೆಸರು. ಮೂರಕ್ಕೆ ಕೋಷ್ಟಕದಲ್ಲಿ ಮಾತಿಲ್ಲ.

ಕೋಷ್ಟಕ ಕಟ್ಟಿದವರು ಕೆಟ್ಟವರಲ್ಲ.
ಹಲವು ದೇಶಗಳ ಒಣಬಾಯಿಗಳನ್ನು ಒಂದೇ ಸಾಲಿಗೆ ನಿಲ್ಲಿಸಿ
ಮದ್ದು ಪರೀಕ್ಷಿಸಲು ಬೇಕಾದ ಜರಡಿ ಅದು.
ಕೆಳಗೆ ಬಿದ್ದದ್ದು ಕಾಳಲ್ಲವೆಂದು ಜರಡಿ ಎಂದೂ ಹೇಳಿಲ್ಲ,
ಅವಸರದಲ್ಲಿ ನಾವೇ ಹಾಗೆ ಓದಿಕೊಂಡೆವು.
ನಾನೂ. ಎಷ್ಟು ಜನರನ್ನು ಹಾಗೆ
ಬರಿಯ ಹನಿಮದ್ದು ಬರೆದು ಕಳಿಸಿದ್ದೇನೋ.

"ಹಾಗಾದರೆ ನನ್ನ ಬಾಯಿ ಸುಳ್ಳು ಹೇಳ್ತಿದೆಯಾ?" ಲಮಾರಾ ಕೇಳಿದಳು.
ಮತ್ತೆ ತಾನೇ: "ಗುಡಾಣ ಬಿರಿದಿದೆಯೋ ಅಂತ
ನಾವು ಅಂಕ ಹಾಕಲ್ಲ. ತಟ್ಟಿ, ಕಿವಿಯಿಟ್ಟು ಕೇಳ್ತೀವಿ."

ಅವಳ ಕಿವಿಯ ಕೆಳಗೆ ಎರಡೂ ಕಡೆ ಬೆರಳೊತ್ತಿದೆ.
ಊದಿತ್ತು, ಎಡಗಡೆ ಕೊಂಚ ಹೆಚ್ಚು.
ಮೊಣಗಂಟಿನ ನೋವು, ಮೂರು ವರ್ಷದ ಸುಸ್ತು, ಸಾಲಾಗಿ ಉದುರಿದ ಹಲ್ಲು:
ಯಾವುದಕ್ಕೂ ಖಾನೆ ಇಲ್ಲದ್ದನ್ನೆಲ್ಲ ಅಂಚಿನಲ್ಲಿ ಬರೆದೆ.
ಬರೆಯುತ್ತ ಅಂಚು ಮುಗಿಯಿತು.
ಪುಟ ತಿರುಗಿಸಿ, ಪೆನ್ಸಿಲ್ ಬಿಟ್ಟು ಪೆನ್ನು ತಗೊಂಡು,
ಹೆಸರು ಹಾಕಿ ಸಹಿ ಮಾಡಿದೆ.

ಶೋಗ್ರೆನ್. ಅವಳು ಗಟ್ಟಿಯಾಗಿ ಓದಲು ಹೋಗಿ
ನಡುವೆ ನಾಲಗೆ ಕಚ್ಚಿಕೊಂಡಿತು.
ಒಂದು ಗುಟುಕು ನೀರು. ಮತ್ತೆ ಅಂದಳು.
ಮದ್ದಿನ ಚೀಟಿ ಮಡಚಿಟ್ಟುಕೊಂಡು, ಬಾಗಿಲ ಬಳಿ ನಿಂತು
ಇನ್ನೊಂದು ಪ್ರತಿ ಕೇಳಿದಳು,
ಅತ್ತಿಗೆಗೆ.